ಹೆರಿಗೆ ಕೋಣೆಯ ಕೆಲಸಕ್ಕೆ ಹೊರಟವಳಿಗೆ

ಮಗಳೇ,

ಬಿಎಸ್ಸಿ ನರ್ಸಿಂಗ್ ಮುಗಿಸಿ, ನರ್ಸಿಂಗ್ ಕೌನ್ಸಿಲ್ ನೋಂದಣಿಯನ್ನೂ ಮಾಡಿಸಿಕೊಂಡು, ಲೇಬರ್ ರೂಮಿಗೇ ಅರ್ಜಿ ಹಾಕಿದ್ದೀಯ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಐಸಿಯು ಬೇಕು, ಓಟಿ ಬೇಕು, ಎರಡು ವರ್ಷ ಅನುಭವ ಮಾಡಿಕೊಂಡು ಹೊರದೇಶಕ್ಕೆ ಹೋಗಬೇಕು ಅನ್ನುವವರೇ ಹೆಚ್ಚಿರುವಾಗ ನೀನು ಹೆರಿಗೆ ಕೋಣೆಯನ್ನು ಕೇಳಿಕೊಂಡು ಹೊರಟಿದ್ದೀಯ. ಈ ದೊಡ್ಡಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಸರ್ವೀಸೆಲ್ಲ ಕಳೆದದ್ದು ಅಲ್ಲೇ. ಇನ್‌ಚಾರ್ಜ್ ಸಿಸ್ಟರ್ ಆದಮೇಲೆ ಹೊಸಬರನ್ನು ಆರಿಸುವ ಮೇಜಿನ ಆಚೆ ಬದಿಯಲ್ಲೂ ಬೇಕಾದಷ್ಟು ಸಲ ಕೂತಿದ್ದೇನೆ. ಅಲ್ಲಿ ಕೂತವರು ಏನನ್ನು ಹುಡುಕುತ್ತಾರೆ ಎಂದು ನಿನಗೆ ಕಾಲೇಜಿನಲ್ಲಿ ಯಾರೂ ಹೇಳಿರಲಾರರು. ಅದನ್ನು ಹೇಳೋಣ ಎಂದು ಬರೆಯುತ್ತಿದ್ದೇನೆ.

ನಿನಗೆ ಎಲ್ಲ ಗೊತ್ತಿದೆಯೇ ಎಂದು ಅವರು ನೋಡುವುದಿಲ್ಲ. ಈಗಷ್ಟೇ ಕಾಲೇಜು ಬಿಟ್ಟವಳಿಗೆ ಎಲ್ಲ ಗೊತ್ತಿರುವುದಿಲ್ಲ ಎಂಬುದು ಅವರಿಗೂ ಗೊತ್ತು. ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ರಾತ್ರಿ ಎರಡು ಗಂಟೆಗೆ, ಡಾಕ್ಟರು ಡ್ಯೂಟಿ ರೂಮಿನಲ್ಲಿ ಈಗಷ್ಟೇ ಕಣ್ಣು ಮುಚ್ಚಿರುವಾಗ, ಬಾಣಂತಿ ಯಾಕೋ ಸರಿಯಿಲ್ಲ ಎಂದು ಈ ಹುಡುಗಿಗೆ ಅನ್ನಿಸಿದರೆ, ಬೈಸಿಕೊಂಡೇನು ಎಂದು ಸುಮ್ಮನಿರುತ್ತಾಳೋ, ಕೂಗಿ ಕರೆಯುತ್ತಾಳೋ? ಪಾರ್ಟೋಗ್ರಾಫ್ ಕೇಳಲಿ, ಮೆಗ್ನೀಷಿಯಂ ಸಲ್ಫೇಟ್ ಕೇಳಲಿ, ನಿನ್ನ ಊರು ಯಾವುದು ಎಂದೇ ಕೇಳಲಿ, ಅವರು ಅಳೆಯುತ್ತಿರುವುದು ಇದನ್ನೇ. ಕರೆಯುವವಳನ್ನು ಉಳಿದದ್ದಕ್ಕೆಲ್ಲ ತರಬೇತಿ ಕೊಟ್ಟು ತಯಾರು ಮಾಡಬಹುದು. ಕರೆಯದವಳನ್ನು ಲೇಬರ್ ರೂಮಿನಲ್ಲಿ ಇಟ್ಟುಕೊಳ್ಳುವ ಧೈರ್ಯ ಯಾವ ಇನ್‌ಚಾರ್ಜಿಗೂ ಇರುವುದಿಲ್ಲ.

ಮೊದಲು ಸಾಮಾನ್ಯವಾಗಿ ಬರುವ ಪ್ರಶ್ನೆ, ಲೇಬರ್ ರೂಮೇ ಯಾಕೆ ಬೇಕು ಎಂಬುದು. "ನನಗೆ ಮಕ್ಕಳೆಂದರೆ ಇಷ್ಟ" ಎನ್ನಬೇಡ. ಹತ್ತರಲ್ಲಿ ಎಂಟು ಜನ ಅದನ್ನೇ ಹೇಳುತ್ತಾರೆ, ಮತ್ತು ಅದು ಸರಿಯಾದ ಉತ್ತರವೂ ಅಲ್ಲ. ಲೇಬರ್ ರೂಮಿನಲ್ಲಿ ನಿನ್ನ ಕೈಗೆ ಮೊದಲು ಬರುವವಳು ತಾಯಿ. ಮಗು ಅತ್ತು, ಕೆಂಪಗಾಗಿ, ಎಲ್ಲರ ಕಣ್ಣೂ ವಾರ್ಮರ್ ಕಡೆ ಹೋಗಿರುವ ಹೊತ್ತಿನಲ್ಲೇ ಟೇಬಲ್ ಮೇಲೆ ರಕ್ತ ಹರಿಯಲು ಶುರುವಾಗುವುದು. ನಿನ್ನ ನೋಂದಣಿ ಪತ್ರ ತೆಗೆದು ನೋಡು, ಆರ್‌ಎನ್ ಜೊತೆ ಆರ್‌ಎಂ ಎಂದೂ ಇದೆ. ರಿಜಿಸ್ಟರ್ಡ್ ಮಿಡ್‌ವೈಫ್. ನಮ್ಮಜ್ಜಿಯರ ಕಾಲದ ಸೂಲಗಿತ್ತಿಯ ಕೆಲಸವನ್ನು ಕಾನೂನು ಪ್ರಕಾರ ನಿನಗೆ ವಹಿಸಿದ್ದಾರೆ. ಹೆರುವವಳ ಪಕ್ಕದಲ್ಲಿ ನಿಲ್ಲುವುದು ನಿನಗೆ ಯಾಕೆ ಬೇಕು ಅನ್ನಿಸಿತು, ಯಾವ ಹೆರಿಗೆ ನೋಡಿದಾಗ ಅನ್ನಿಸಿತು, ಅದನ್ನು ನಿನ್ನದೇ ಮಾತಿನಲ್ಲಿ ಎರಡು ನಿಮಿಷ ಹೇಳು. ಸಾಕು.

ಎರಡನೆಯದು ಲಾಗ್‌ಬುಕ್ಕಿನ ಪ್ರಶ್ನೆ. "ಎಷ್ಟು ಹೆರಿಗೆ ಮಾಡಿಸಿದ್ದೀಯ?" ಇಲ್ಲಿ ಬಹಳ ಮಕ್ಕಳು ಜಾರಿ ಬೀಳುತ್ತಾರೆ. ಒಂದು ಸರ್ಕಾರಿ ಆಸ್ಪತ್ರೆಗೆ ನಾಲ್ಕೈದು ಕಾಲೇಜಿನ ಮಕ್ಕಳು ಪೋಸ್ಟಿಂಗಿಗೆ ಬರುತ್ತಾರೆ, ಒಂದು ಟೇಬಲ್ ಸುತ್ತ ಹತ್ತು ಜನ ನಿಂತಿರುತ್ತಾರೆ, ಹಿಂದೆ ನಿಂತವಳಿಗೆ ಮಗುವಿನ ತಲೆಯೂ ಕಾಣಿಸಿರುವುದಿಲ್ಲ. ಲಾಗ್‌ಬುಕ್ಕಿನಲ್ಲಿ ಮಾತ್ರ ಸಹಿಗಳು ತುಂಬಿರುತ್ತವೆ. ಮೇಜಿನ ಆಚೆ ಕೂತವರು ಇದನ್ನೆಲ್ಲ ಕಂಡವರೇ. ಲಾಗ್‌ಬುಕ್ಕಿನ ಸಂಖ್ಯೆ ಹೇಳಿದೆಯೋ, ಮರುಕ್ಷಣ ಕೇಳುತ್ತಾರೆ: "ಪೆರಿನಿಯಂಗೆ ಸಪೋರ್ಟ್ ಹೇಗೆ ಕೊಟ್ಟೆ? ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿದೆಯೇ ಎಂದು ಯಾವಾಗ ನೋಡಿದೆ? ಭುಜ ಯಾವ ಕಡೆಯಿಂದ ಬಿಡಿಸಿದೆ?" ಕೈಯಲ್ಲಿ ಮಾಡಿದವಳು ಇದಕ್ಕೆ ಕೈ ಆಡಿಸಿಕೊಂಡೇ ಉತ್ತರ ಕೊಡುತ್ತಾಳೆ. ಮಾಡದವಳು ಪುಸ್ತಕ ಒಪ್ಪಿಸುತ್ತಾಳೆ. ಅದಕ್ಕೇ ಹೇಳುತ್ತೇನೆ, ಲೆಕ್ಕ ಮೂರಾಗಿ ಒಡೆದು ಹೇಳು: ನಾನೇ ಕೈಯಾರೆ ಮಾಡಿಸಿದ್ದು ಇಷ್ಟು, ಸಿಸ್ಟರ್ ಜೊತೆ ಕೈಜೋಡಿಸಿದ್ದು ಇಷ್ಟು, ನೋಡಿದ್ದು ಇಷ್ಟು. ಎಪಿಸಿಯೊಟಮಿ ಹೊಲಿಗೆ ಹಾಕಿಲ್ಲವಾದರೆ ಹಾಕಿಲ್ಲ ಎನ್ನು. ಆಮೇಲೆ ತಡಮಾಡದೆ, "ಕೈಯಾರೆ ಮಾಡಿಸಿದ ಒಂದು ಹೆರಿಗೆಯನ್ನು ಮೊದಲಿಂದ ಕೊನೆಯವರೆಗೆ ಹೇಳಲೇ ಮೇಡಂ?" ಎಂದು ನೀನೇ ಕೇಳು. ಆ ಒಂದು ಹೆರಿಗೆಯನ್ನು ಈಗಿನಿಂದಲೇ ನೆನಪು ಮಾಡಿಕೊಂಡು ಇಟ್ಟುಕೋ: ತಾಯಿ ಕಾರ್ಡಿನಲ್ಲಿ ಏನು ನೋಡಿದೆ, ಬಂದಾಗ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು, ಮಗುವಿನ ಹೃದಯ ಬಡಿತ ಎಷ್ಟಿತ್ತು, ಮಾಸು ಬಂದಮೇಲೆ ಅದನ್ನು ತಿರುಗಿಸಿ ಚೂರು ಏನಾದರೂ ಒಳಗೆ ಉಳಿದಿದೆಯೇ ಎಂದು ನೋಡಿದೆಯಾ.

ಇನ್ನು ಪಾಠದ ವಿಷಯ. ಎಲ್ಲವನ್ನೂ ಮತ್ತೆ ಓದುತ್ತೇನೆ ಎಂದು ಕೂತರೆ ತಲೆ ಕಲಸಿಹೋಗುತ್ತದೆ. ಮೂರು ಸಂಗತಿಯಲ್ಲಿ ಗಟ್ಟಿಯಾಗಿ ನಿಲ್ಲು: ರಕ್ತಸ್ರಾವ, ಏರಿದ ಬಿಪಿ, ಅಳದ ಮಗು. ಲೇಬರ್ ರೂಮಿನಲ್ಲಿ ನಿಮಿಷಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಈ ಮೂರರಲ್ಲಿ.

ರಕ್ತಸ್ರಾವದಿಂದಲೇ ಶುರು ಮಾಡು, ಅದನ್ನು ಕೇಳದ ಇಂಟರ್‌ವ್ಯೂ ನಾನು ಕಂಡಿಲ್ಲ. ಮಗು ಹೊರಬಂದ ಒಂದು ನಿಮಿಷದೊಳಗೆ, ಒಳಗೆ ಇನ್ನೊಂದು ಮಗುವಿಲ್ಲ ಎಂದು ಹೊಟ್ಟೆ ಮುಟ್ಟಿ ನೋಡಿಕೊಂಡು, ಆಕ್ಸಿಟೋಸಿನ್ 10 ಯೂನಿಟ್ ಮಾಂಸಖಂಡಕ್ಕೆ. ಮಗು ಚೆನ್ನಾಗಿ ಅಳುತ್ತಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಅವಸರ ಬೇಡ, ಒಂದರಿಂದ ಮೂರು ನಿಮಿಷ ಬಿಡು. ಆಮೇಲೆ ಒಂದು ಕೈಯಿಂದ ಗರ್ಭಕೋಶವನ್ನು ಮೇಲಕ್ಕೆ ತಡೆಹಿಡಿದು ಇನ್ನೊಂದು ಕೈಯಿಂದ ಬಳ್ಳಿಯನ್ನು ಹದವಾಗಿ ಎಳೆದು ಮಾಸು ತೆಗೆಯುವುದು. ಮಾಸು ಬಂದಮೇಲೆ ಕೈ ಹೊಟ್ಟೆಯ ಮೇಲೆಯೇ ಇರಬೇಕು. ಗರ್ಭಕೋಶ ಸಿಪ್ಪೆ ಸುಲಿದ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಹೊಕ್ಕುಳ ಕೆಳಗೆ ಸಿಗಬೇಕು. ಮೆತ್ತಗೆ, ಎಲ್ಲಿದೆ ಎಂದೇ ಗೊತ್ತಾಗದ ಹಾಗಿದ್ದರೆ ಅಲ್ಲೇ ಅಪಾಯ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದ ಔಷಧ. ಬಿಸಿಲು ಬೀಳುವ ಕಿಟಕಿಯ ಪಕ್ಕದ ಟ್ರೇಯಲ್ಲಿ ದಿನವಿಡೀ ಬಿದ್ದಿದ್ದ ಆಂಪ್ಯೂಲ್ ಕೊಟ್ಟರೆ ನೀರು ಕೊಟ್ಟಂತೆಯೇ ಆಗಬಹುದು. ಈ ಮಾತು ಉತ್ತರದಲ್ಲಿ ಬಂದರೆ ಎದುರು ಕೂತ ಇನ್‌ಚಾರ್ಜ್ ತಲೆಯೆತ್ತಿ ನೋಡುತ್ತಾಳೆ.

ಒಮ್ಮೆ ಒಬ್ಬ ಹುಡುಗಿಗೆ ಹೆರಿಗೆಯ ನಂತರದ ರಕ್ತಸ್ರಾವದ (ಪಿಪಿಎಚ್) ಬಗ್ಗೆ ಕೇಳಿದೆವು. ಕಾರಣಗಳನ್ನು ಪಟ್ಟಿ ಒಪ್ಪಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿಯಿಂದ ಎದ್ದಳು. ನಮ್ಮ ಮೇಜಿನ ಮೇಲಿದ್ದ ಫೈಲಿನ ಮೇಲೆ ಅಂಗೈ ಊರಿ, "ನನ್ನ ಕೈ ಇಲ್ಲಿಂದ ತೆಗೆಯಲ್ಲ ಮೇಡಂ, ಉಜ್ಜುತ್ತಾ ಇರ್ತೀನಿ, ಬಾಯಲ್ಲಿ ಕೂಗ್ತೀನಿ" ಎಂದಳು. ಆಮೇಲೆ ಒಬ್ಬೊಬ್ಬರಿಗೆ ಕೆಲಸ ಹಂಚಿದಳು: ಒಬ್ಬರು ಡಾಕ್ಟರನ್ನು ಕರೆಯಿರಿ, ಒಬ್ಬರು ದಪ್ಪ ಸೂಜಿ ಹಾಕಿ ಡ್ರಿಪ್ ಹಚ್ಚಿ, ಕ್ರಾಸ್ ಮ್ಯಾಚಿಗೆ ರಕ್ತ ತೆಗೆಯಿರಿ, ಆಯಾ, ಆಕ್ಸಿಜನ್ ತನ್ನಿ, ಮೂತ್ರಕೋಶ ತುಂಬಿದೆಯಾ ನೋಡಬೇಕು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ, ಅಂಕಗಳೂ ಮಧ್ಯಮ. ಅವಳನ್ನೇ ಆರಿಸಿದೆವು. ಒಂದು ವರ್ಷ ಕಳೆಯುವುದರೊಳಗೆ ನೈಟ್ ಡ್ಯೂಟಿಗೆ ಅವಳಿದ್ದಾಳೆ ಎಂದರೆ ಡಾಕ್ಟರುಗಳೇ ನಿಶ್ಚಿಂತೆಯಾಗಿರುತ್ತಿದ್ದರು.

ಈ ವಿಷಯದಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಹೆಮ್ಮೆಯ ಸಂಗತಿಯಿದೆ, ನಿನಗೆ ಪಾಠದಲ್ಲಿ ಬಂದಿದೆಯೋ ಇಲ್ಲವೋ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ಹೆಂಗಸರ ಮೇಲೆ ನಡೆದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಾತ್ರೆ ಕೊಟ್ಟವರು ನಮ್ಮಂಥ ಎಎನ್ಎಂ ಸಿಸ್ಟರುಗಳೇ. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ರಕ್ತವನ್ನು ಕಣ್ಣಂದಾಜಿನಲ್ಲಿ ಬಿಟ್ಟುಬಿಡದೆ, ಅಳತೆ ಗೆರೆಗಳಿರುವ ಪ್ಲಾಸ್ಟಿಕ್ ಡ್ರೇಪನ್ನು ತಾಯಿಯ ಕೆಳಗೆ ಹಾಸಿ ಅಳೆದದ್ದು ಆ ಅಧ್ಯಯನದ ಇನ್ನೊಂದು ದೊಡ್ಡ ಕೆಲಸ. ಕಣ್ಣಿಗೆ ಕಂಡದ್ದನ್ನು ನಾವು ಯಾವಾಗಲೂ ಕಡಿಮೆಯೇ ಎಂದುಕೊಳ್ಳುತ್ತೇವೆ. ಬಟ್ಟೆ ಕುಡಿದದ್ದು, ಬಕೆಟ್ಟಿಗೆ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಅಂಥದೇ ಡ್ರೇಪ್ ಹಾಸಿ ಅಳೆದು, ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದು ಕಾಯುತ್ತಾ ಕೂರದೆ ಒಟ್ಟಿಗೇ ಮಾಡಿದರೆ ತೀವ್ರ ರಕ್ತಸ್ರಾವದ ತೊಂದರೆ ಶೇ. 60ರಷ್ಟು ಕಡಿಮೆಯಾಗುತ್ತದೆ ಎಂದು ಆಫ್ರಿಕಾದ ನಾಲ್ಕು ದೇಶಗಳ ಅಧ್ಯಯನವೊಂದು 2023ರಲ್ಲಿ ತೋರಿಸಿಕೊಟ್ಟಿತು. ಮೊದಲೆಲ್ಲ 500 ಎಂಎಲ್ ದಾಟಿದರೆ ಮಾತ್ರ ಪಿಪಿಎಚ್ ಎನ್ನುತ್ತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಹೊಸ ಸೂಚನೆ ಪ್ರಕಾರ 300 ಎಂಎಲ್ ಹೋಗಿ, ಜೊತೆಗೆ ನಾಡಿ ಬಿಪಿ ಏರುಪೇರಾಗಿದ್ದರೂ ಚಿಕಿತ್ಸೆ ಶುರು ಮಾಡಬೇಕು. ನಿನ್ನ ಪುಸ್ತಕದಲ್ಲಿ ಹಳೆಯದೇ ಇರಬಹುದು. ಎರಡನ್ನೂ ಹೇಳು.

ಡಾಕ್ಟರನ್ನು ಫೋನಿನಲ್ಲಿ ಕರೆಯುವುದನ್ನು ಮನೆಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡು. ಇದನ್ನು ಆಡಿ ತೋರಿಸು ಎಂದೇ ಕೇಳುತ್ತಾರೆ. "ಮೇಡಂ, ಸ್ವಲ್ಪ ಬರ್ತೀರಾ, ಪೇಷೆಂಟ್ ಒಂಥರಾ ಇದ್ದಾರೆ" ಎಂದರೆ ನಿದ್ದೆಯಲ್ಲಿರುವವರು ಬರುವುದಿಲ್ಲ. ಹೀಗೆ ಹೇಳು: "ಮೇಡಂ, ಲೇಬರ್ ರೂಮಿಂದ ಸ್ಟಾಫ್ ನರ್ಸ್ ಮಾತಾಡ್ತಿದ್ದೀನಿ. ಎರಡನೇ ಟೇಬಲ್, ಎರಡನೇ ಹೆರಿಗೆ, ಹೆರಿಗೆಯಾಗಿ ಇಪ್ಪತ್ತು ನಿಮಿಷ ಆಯ್ತು. ಮಾಸು ಪೂರ್ತಿ ಬಂದಿದೆ. ಡ್ರೇಪಿನಲ್ಲಿ 600 ಎಂಎಲ್ ಇದೆ, ಇನ್ನೂ ಹೋಗ್ತಾ ಇದೆ. ಗರ್ಭಕೋಶ ಮೆತ್ತಗಿದೆ. ನಾಡಿ 118, ಬಿಪಿ 94/60. ಮಸಾಜ್ ಮಾಡ್ತಿದ್ದೀವಿ, ಆಕ್ಸಿಟೋಸಿನ್ ಡ್ರಿಪ್ ಓಡ್ತಿದೆ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ರೆಡಿ ಇದೆ, ಕೊಡಲಾ? ನೀವು ಈಗಲೇ ಬರಬೇಕು." ಯಾರು, ಏನಾಯಿತು, ಅಂಕಿ ಏನು, ನಾನೇನು ಮಾಡಿದೆ, ನಿಮ್ಮಿಂದ ಏನು ಬೇಕು. ಅಷ್ಟೂ ಅರ್ಧ ನಿಮಿಷದಲ್ಲಿ ಮುಗಿಯಬೇಕು. ಡಾಕ್ಟರು ಹೇಳಿದ ಔಷಧ, ಪ್ರಮಾಣವನ್ನು ಅವರಿಗೇ ತಿರುಗಿ ಹೇಳಿ ಖಚಿತ ಮಾಡಿಕೊಂಡು ಫೋನ್ ಇಡು, ಸಮಯ ಬರೆದುಕೋ. "ಅವರು ಬರದಿದ್ದರೆ?" ಎಂದು ಖಂಡಿತ ಕೇಳುತ್ತಾರೆ. "ಐದು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ, ಆಗಲೂ ಬರದಿದ್ದರೆ ಅವರ ಮೇಲಿನವರಿಗೆ ಮಾಡ್ತೀನಿ, ಇನ್‌ಚಾರ್ಜ್ ಸಿಸ್ಟರಿಗೂ ತಿಳಿಸ್ತೀನಿ" ಎನ್ನು. ಈ ಉತ್ತರ ಕೊಡುವಾಗ ದನಿ ತಗ್ಗಿಸಬೇಡ.

ಏರಿದ ಬಿಪಿಗೆ ಬರೋಣ. 160/110, ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಇಷ್ಟು ಕೇಳಿದ ಕೂಡಲೆ ನಿನ್ನ ತಲೆಯಲ್ಲಿ ಮೆಗ್ನೀಷಿಯಂ ಸಲ್ಫೇಟ್ ಬರಬೇಕು. ಲೋಡಿಂಗ್ ಡೋಸ್ 4 ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, 10 ಗ್ರಾಂ ಎರಡು ಪಿರ್ರೆಗೆ ಐದೈದರಂತೆ ಎಂಬುದನ್ನು ಎಲ್ಲರೂ ಒಪ್ಪಿಸುತ್ತಾರೆ. ಮುಂದಿನ ಡೋಸ್ ಕೊಡುವ ಮುಂಚೆ ಏನು ನೋಡಬೇಕು ಎನ್ನುವಲ್ಲಿ ತಡವರಿಸುತ್ತಾರೆ. ಮೊಣಕಾಲಿನ ರಿಫ್ಲೆಕ್ಸ್ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ಗಂಟೆಗೆ 30 ಎಂಎಲ್ ಆದರೂ ಬರುತ್ತಿದೆಯೇ. ಮೂರರಲ್ಲಿ ಒಂದು ತಪ್ಪಿದರೂ ಮುಂದಿನ ಡೋಸ್ ಇಲ್ಲ, ಡಾಕ್ಟರಿಗೆ ಫೋನ್. ಅದಕ್ಕೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಎಮರ್ಜೆನ್ಸಿ ಟ್ರೇಯಲ್ಲಿ ಇದೆ ಎಂದು ಡ್ಯೂಟಿ ಶುರುವಾದಾಗಲೇ ಕಣ್ಣಾರೆ ನೋಡಿಕೊಂಡಿರುತ್ತೇನೆ ಎಂದು ಸೇರಿಸು.

ಟ್ರೇ ಎಂದಾಗ ನೆನಪಾಯಿತು. ಸರ್ಕಾರಿ ಲೇಬರ್ ರೂಮುಗಳಲ್ಲಿ ಏಳು ಟ್ರೇ ಇರಬೇಕೆಂಬ ನಿಯಮವಿದೆ: ಹೆರಿಗೆ, ಎಪಿಸಿಯೊಟಮಿ, ಮಗು, ಔಷಧ, ತುರ್ತು ಔಷಧ, ಎಂವಿಎ, ಪಿಪಿಐಯುಸಿಡಿ. ಖಾಸಗಿಯಲ್ಲಿ ಹೆಸರು ಬೇರೆ ಇರಬಹುದು. ಡ್ಯೂಟಿಗೆ ಬಂದವಳು ಮೊದಲು ಏನು ಮಾಡುತ್ತೀಯ ಎಂದರೆ, ಹ್ಯಾಂಡೋವರ್ ತೆಗೆದುಕೊಂಡು ಟ್ರೇಗಳನ್ನು ನೋಡುತ್ತೇನೆ, ಆಂಬು ಬ್ಯಾಗ್ ಒತ್ತಿ ನೋಡುತ್ತೇನೆ, ವಾರ್ಮರ್ ಬೆಚ್ಚಗಿದೆಯೇ ಎಂದು ಕೈಯಿಟ್ಟು ನೋಡುತ್ತೇನೆ, ಆಕ್ಸಿಜನ್ ಸಿಲಿಂಡರಿನ ಮುಳ್ಳು ನೋಡುತ್ತೇನೆ ಎಂದು ಹೇಳುವವಳು ಕೆಲಸ ಬಲ್ಲವಳು.

ಅಳದ ಮಗುವಿಗೆ ಒಂದು ನಿಮಿಷ. ಒರೆಸುವುದು, ಬೆಚ್ಚಗಿಡುವುದು, ತಲೆಯನ್ನು ಹದವಾಗಿ ಇಡುವುದು, ಕಸವಿದ್ದರೆ ಮೊದಲು ಬಾಯಿ ಆಮೇಲೆ ಮೂಗು, ಬೆನ್ನುಜ್ಜುವುದು. ಆಗಲೂ ಉಸಿರಿಲ್ಲವೆಂದರೆ ಬ್ಯಾಗ್ ಮಾಸ್ಕ್, ನಿಮಿಷಕ್ಕೆ 40ರಿಂದ 60, ಎದೆ ಏರುತ್ತಿದೆಯೇ ಎಂದು ನೋಡುತ್ತಾ. ಕಾಲು ಹಿಡಿದು ತಲೆಕೆಳಗೆ ಮಾಡಿ ಹೊಡೆಯುವುದನ್ನು ಸಿನಿಮಾದಲ್ಲಿ ನೋಡಿರುತ್ತೀಯ, ಕೆಲವು ಕಡೆ ಕಣ್ಣಾರೆಯೂ ನೋಡಿರಬಹುದು. ಅದು ಬೇಡವೇ ಬೇಡ. ವಿಟಮಿನ್ ಕೆ 1 ಮಿಲಿಗ್ರಾಂ, ಒಂದು ಗಂಟೆಯೊಳಗೆ ಎದೆಹಾಲು, ಹುಟ್ಟಿದಾಗಿನ ಲಸಿಕೆಗಳು, ಇವನ್ನು ಒಮ್ಮೆ ಕಣ್ಣಾಡಿಸಿಕೋ, ಸಾಕು. ಪಾರ್ಟೋಗ್ರಾಫ್ ಕೂಡ ಕೇಳುತ್ತಾರೆ. ಒಂದು ಖಾಲಿ ಹಾಳೆ ತೆಗೆದು ಕೈಯಲ್ಲಿ ಬರೆದು ಕಲಿ, ಅಲರ್ಟ್ ಗೆರೆ ದಾಟಿದಾಗ ಏನು ಮಾಡುತ್ತೀಯ ಎಂಬುದಕ್ಕೆ ಉತ್ತರ ಇಟ್ಟುಕೋ. ಹಳೆಯ ಪಾರ್ಟೋಗ್ರಾಫ್ 4 ಸೆಂಟಿಮೀಟರಿನಿಂದ ಶುರು, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತಂದ ಲೇಬರ್ ಕೇರ್ ಗೈಡ್ 5ರಿಂದ. ಆ ಆಸ್ಪತ್ರೆಯಲ್ಲಿ ಯಾವುದನ್ನು ತುಂಬುತ್ತಾರೆ ಎಂದು ನೀನೇ ಕೇಳಿದರೂ ತಪ್ಪಿಲ್ಲ.

ಮೂವರ ಪ್ರಶ್ನೆ ಒಂದಿದೆ, ನಾನೂ ಕೇಳುತ್ತಿದ್ದೆ. "ನೀನೊಬ್ಬಳೇ ಇದ್ದೀಯ. ಒಬ್ಬಳು ಚೊಚ್ಚಲು, 4 ಸೆಂಟಿಮೀಟರ್, ನೋವು ತಾಳಲಾರದೆ ಕೂಗುತ್ತಿದ್ದಾಳೆ. ಇನ್ನೊಬ್ಬಳು ಮೂರನೇ ಹೆರಿಗೆ, ಈಗಷ್ಟೇ ಬಂದಳು, ಮುಕ್ಕುವ ಹಾಗಾಗುತ್ತಿದೆ ಅನ್ನುತ್ತಿದ್ದಾಳೆ. ಮೂರನೆಯವಳು ಸುಮ್ಮನೆ ಮಲಗಿದ್ದಾಳೆ, ಬಿಪಿ 170/110, ತಲೆ ಸಿಡಿಯುತ್ತಿದೆ ಎಂದಳು. ಯಾರ ಹತ್ತಿರ ಹೋಗುತ್ತೀಯ?" ಕೂಗುವವಳ ಹತ್ತಿರ ಓಡುವುದು ಮನುಷ್ಯ ಸಹಜ. ಆದರೆ ಮೂವರಲ್ಲಿ ಕಾಯಬಲ್ಲವಳು ಅವಳೇ. ಮೂರನೇ ಹೆರಿಗೆಯವಳದು ಕಾಯುವುದಿಲ್ಲ, ಬಿಪಿಯವಳಿಗೆ ಯಾವ ಕ್ಷಣದಲ್ಲೂ ಫಿಟ್ಸ್ ಬರಬಹುದು. ನಾನು ಬಯಸುತ್ತಿದ್ದ ಉತ್ತರ ಇದು: ಮೊದಲು ಕೂಗಿ ಜನ ಕರೆಯುತ್ತೇನೆ. ಆಯಾನೋ ವಾರ್ಡಿನ ಸಿಸ್ಟರೋ ಬಿಪಿಯವಳನ್ನು ಎಡಮಗ್ಗುಲಿಗೆ ತಿರುಗಿಸಿ, ಮಂಚದ ತಡೆಕಂಬಿ ಏರಿಸಿ, ಪಕ್ಕದಲ್ಲೇ ನಿಲ್ಲಲಿ, ಡಾಕ್ಟರಿಗೆ ಫೋನ್ ಹೋಗಲಿ. ನಾನು ಗ್ಲೌಸ್ ಹಾಕಿಕೊಂಡು ಮುಕ್ಕುವವಳ ಹತ್ತಿರ. ಚೊಚ್ಚಲಿನವಳ ಹತ್ತಿರ ಅವಳ ಅಮ್ಮನನ್ನೋ ಅತ್ತೆಯನ್ನೋ ಒಳಗೆ ಬಿಡುತ್ತೇನೆ. ಕ್ರಮ ಹಿಂದುಮುಂದಾದರೂ ನಾನು ಅಂಕ ಕಡಿಮೆ ಮಾಡುತ್ತಿರಲಿಲ್ಲ. ಮೂವರನ್ನೂ ಒಬ್ಬಳೇ ನೋಡುತ್ತೇನೆ ಎಂದವಳನ್ನು ಮಾತ್ರ ಆರಿಸುತ್ತಿರಲಿಲ್ಲ.

ಹತ್ತಿರದವರೊಬ್ಬರನ್ನು ಒಳಗೆ ಬಿಡುವ ಮಾತು ಬಂತಲ್ಲ, ಅದು ಔದಾರ್ಯದ ಮಾತಲ್ಲ. ಹೆರಿಗೆ ವೇಳೆ ಜೊತೆಗೊಬ್ಬ ಹೆಂಗಸು ಇರಲು ಬಿಡಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. 2017ರಲ್ಲಿ ಶುರುವಾದ ಲಕ್ಷ್ಯ ಕಾರ್ಯಕ್ರಮದಲ್ಲಿ ಲೇಬರ್ ರೂಮಿಗೆ ಅಂಕ ಕೊಡುವಾಗ ತಾಯಿಯನ್ನು ಗೌರವದಿಂದ ನಡೆಸಿಕೊಂಡರೇ ಎಂಬುದನ್ನೂ ನೋಡುತ್ತಾರೆ. ಹಾಗಾಗಿ "ತಾಯಿ ಸಹಕರಿಸದಿದ್ದರೆ ಏನು ಮಾಡುತ್ತೀಯ?" ಎಂದು ಕೇಳಿಯೇ ಕೇಳುತ್ತಾರೆ. ಈ ಪ್ರಶ್ನೆಗೆ ನಿನ್ನ ಉತ್ತರ ಮುಖ್ಯ ಮಗಳೇ, ಕೆಲಸ ಸಿಗಲಿ ಬಿಡಲಿ. ತೊಡೆಗೆ ಹೊಡೆಯುವುದನ್ನು ನೀನು ನೋಡಿದ್ದೀಯ. "ಆವಾಗ ಚೆನ್ನಾಗಿತ್ತಾ, ಈಗ ಕೂಗ್ತೀಯಾ" ಎಂಬ ಹೊಲಸು ಮಾತನ್ನೂ ಕೇಳಿದ್ದೀಯ. ನಾನು ಈ ವಿಷಯದಲ್ಲಿ ಯಾರೊಂದಿಗೂ ರಾಜಿಯಾದವಳಲ್ಲ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಓದುಬರಹವಿಲ್ಲದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಊರೂರಿನ ಹೆಂಗಸರು ಅವರನ್ನು ಅಮ್ಮ ಎಂದೇ ಕರೆದರು. ಯಂತ್ರ, ಮಾನಿಟರು, ಔಷಧ ಎಲ್ಲ ಇರುವ ಕೋಣೆಯಲ್ಲಿ ಹೆಂಗಸೊಬ್ಬಳು ಹೆದರಿಕೊಂಡು ಮಲಗಬೇಕಾಗಿ ಬರಬಾರದು. ನಿನ್ನ ಉತ್ತರ ಹೀಗಿರಲಿ: ನೋವಿನ ನಡುವೆ ಬಿಡುವು ಬಂದಾಗ ಹೆಸರು ಹಿಡಿದು ಮಾತಾಡಿಸುತ್ತೇನೆ, ಪಿವಿ (ಒಳ ಪರೀಕ್ಷೆ) ಮಾಡುವ ಮೊದಲು ಹೇಳಿ ಕೇಳಿ ಮಾಡುತ್ತೇನೆ, ಪರದೆ ಎಳೆಯುತ್ತೇನೆ, ಎಡಮಗ್ಗುಲಿಗೆ ತಿರುಗು, ಓಡಾಡು, ನೀರು ಕುಡಿ ಎನ್ನುತ್ತೇನೆ, ಈಗ ಮುಕ್ಕಬೇಡ, ಈಗ ಮುಕ್ಕು ಎಂದು ಅವಳ ಜೊತೆಗೇ ಇರುತ್ತೇನೆ.

"ಸೀನಿಯರ್ ಹೊಟ್ಟೆ ಮೇಲಿನಿಂದ ಒತ್ತು ಎಂದರೆ?" ಎಂದೂ ಕೆಲವರು ಕೇಳುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ಹೊಟ್ಟೆ ಒತ್ತಿ ಮಗು ದೂಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. "ಕ್ಷಮಿಸಿ ಮೇಡಂ, ನನಗೆ ಅದನ್ನು ಮಾಡಬಾರದು ಎಂದು ಕಲಿಸಿದ್ದಾರೆ, ಡಾಕ್ಟರನ್ನು ಕರೆಯುತ್ತೇನೆ" ಎಂದು ವಿನಯದಿಂದ, ಆದರೆ ಖಚಿತವಾಗಿ ಹೇಳು. ಗಂಡು ಹುಟ್ಟಿದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ಹೊರಗೆ ನಿಂತವರಿಂದ ಕಾಸು ಕೇಳುವ ಪದ್ಧತಿಯ ಬಗ್ಗೆಯೂ ಮಾತು ಬರಬಹುದು. ಮಗುವನ್ನು ಮೊದಲು ತಾಯಿಗೆ ತೋರಿಸುತ್ತೇನೆ, ಯಾವ ಮಗು ಎಂದು ಅವಳ ಬಾಯಲ್ಲೇ ಹೇಳಿಸುತ್ತೇನೆ, ಕೈಗೆ ಟ್ಯಾಗ್ ಕಟ್ಟಿಯೇ ಆಚೆ ತರುತ್ತೇನೆ, ಹಣ ಮುಟ್ಟುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಸತ್ತು ಹುಟ್ಟಿದ ಮಗುವಿನ ಬಗ್ಗೆ ಯಾರೂ ತಯಾರಾಗಿ ಬರುವುದಿಲ್ಲ. ಕೇಳಿದರೆ ಗಾಬರಿಯಾಗಿ, "ಸಮಾಧಾನ ಮಾಡ್ತೀನಿ, ಇನ್ನೊಂದು ಮಗು ಆಗತ್ತೆ ಅಂತೀನಿ" ಎನ್ನುತ್ತಾರೆ. ಆ ಮಾತು ಮಾತ್ರ ಬೇಡಮ್ಮ. ಒಂಬತ್ತು ತಿಂಗಳು ಹೊತ್ತವಳಿಗೆ ಇನ್ನೊಂದು ಮಗು ಈ ಮಗುವಾಗುವುದಿಲ್ಲ. ಆ ಹೊತ್ತಿನಲ್ಲಿ ಹೆಚ್ಚು ಮಾತಿನ ಅಗತ್ಯವಿಲ್ಲ. ಡಾಕ್ಟರು ಹೇಳುವಾಗ ಪಕ್ಕದಲ್ಲಿರುತ್ತೇನೆ. ನೋಡಬೇಕೆಂದರೆ ಮಗುವನ್ನು ಒರೆಸಿ ಬಟ್ಟೆ ಸುತ್ತಿ ಅವಳ ಕೈಗೆ ಕೊಡುತ್ತೇನೆ, ಬೇಡವೆಂದರೆ ಒತ್ತಾಯ ಮಾಡುವುದಿಲ್ಲ. ಬೇರೆ ಮಕ್ಕಳು ಅಳುವ ಬಾಣಂತಿ ವಾರ್ಡಿನಲ್ಲಿ ಅವಳಿಗೆ ಮಂಚ ಹಾಕದಂತೆ ಇನ್‌ಚಾರ್ಜನ್ನು ಕೇಳಿಕೊಳ್ಳುತ್ತೇನೆ. ಮೂರನೇ ದಿನಕ್ಕೆ ಎದೆ ಕಟ್ಟಿ ಹಾಲು ಒಸರುತ್ತದೆ, ಅದರ ಬಗ್ಗೆ ಡಿಸ್ಚಾರ್ಜಿಗೆ ಮುಂಚೆಯೇ ಹೇಳಿ ಕಳಿಸುತ್ತೇನೆ. ಕೊನೆಯ ಸಂಗತಿಯನ್ನು ನಮ್ಮಲ್ಲಿ ಬಹಳ ಕಡೆ ಮರೆಯುತ್ತಾರೆ. ಮನೆಗೆ ಹೋದ ಹೆಂಗಸು ಒದ್ದೆ ರವಿಕೆ ನೋಡಿಕೊಂಡು ಒಬ್ಬಳೇ ಅಳುತ್ತಾಳೆ.

ಬರವಣಿಗೆಯನ್ನು ಹಗುರ ಮಾಡಬೇಡ. ಕೇಸ್ ಶೀಟಿನಲ್ಲಿ ಸಮಯ, ಔಷಧ, ಪ್ರಮಾಣ, ಸಹಿ ಮಾತ್ರವಲ್ಲ, ಹಚ್ಚಿದ ಬಾಟಲಿಯ ಬ್ಯಾಚ್ ನಂಬರೂ ಇರಲಿ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೇ ಸಂಶಯ ಬಂದದ್ದು ನೆನಪಿದೆಯಲ್ಲ. ಅಂಥ ಹೊತ್ತಿನಲ್ಲಿ ಯಾರಿಗೆ ಯಾವ ಬ್ಯಾಚಿನದು ಹೋಯಿತು ಎಂದು ಹೇಳುವುದು ಸಿಸ್ಟರ್ ಬರೆದ ಸಾಲು. ಹಾಗೆಯೇ, ಹೆರಿಗೆಗೆ ಬಂದವಳಿಗೆ 18 ತುಂಬಿಲ್ಲ ಎಂದು ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಚಿಕಿತ್ಸೆ ಮಾತ್ರ ಅದಕ್ಕಾಗಿ ಒಂದು ನಿಮಿಷವೂ ನಿಲ್ಲಬಾರದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳು.

ಉಡುಗೆಯ ಮಾತು ಚಿಕ್ಕದು: ಉಗುರು ಕತ್ತರಿಸಿಕೋ, ಬಳೆ ಉಂಗುರ ಬೇಡ, ಕೂದಲು ಕಟ್ಟು. ಕೈ ತೊಳೆದು ತೋರಿಸು ಎಂದರೆ ಅವಸರಪಡದೆ ತೊಳೆ, ಎಲ್ಲ ಹಂತ ಸೇರಿ 40ರಿಂದ 60 ಸೆಕೆಂಡು. ಇಂಗ್ಲಿಷಿನಲ್ಲಿ ಪದ ಸಿಗದಿದ್ದರೆ ಕನ್ನಡದಲ್ಲಿ ಮುಂದುವರಿಸು, ತಾಯಂದಿರ ಹತ್ತಿರ ಮಾತಾಡಬೇಕಾದದ್ದು ಅದರಲ್ಲೇ. ಗೊತ್ತಿಲ್ಲದ್ದಕ್ಕೆ, "ಗೊತ್ತಿಲ್ಲ ಮೇಡಂ, ಡ್ಯೂಟಿಯಲ್ಲಿದ್ದರೆ ಇಂಥವರನ್ನು ಕೇಳ್ತೀನಿ" ಎಂದು ಯಾರನ್ನು ಕೇಳುತ್ತೀಯ ಎಂಬುದನ್ನೂ ಹೇಳು.

ಕೊನೆಗೆ "ನಿನಗೇನಾದರೂ ಕೇಳುವುದಿದೆಯಾ?" ಎನ್ನುತ್ತಾರೆ. ಇಲ್ಲ ಎಂದು ಎದ್ದು ಬರಬೇಡ. ಹೊಸಬರನ್ನು ಎಷ್ಟು ದಿನ ಸೀನಿಯರ್ ಜೊತೆ ಇರಿಸುತ್ತಾರೆ? ಒಂಟಿಯಾಗಿ ನೈಟ್ ಹಾಕುವುದು ಯಾವಾಗಿನಿಂದ? ರಾತ್ರಿ ಎಷ್ಟು ಟೇಬಲಿಗೆ ಎಷ್ಟು ಸಿಸ್ಟರು? ಹೆರಿಗೆ ಡಾಕ್ಟರು, ಅನಸ್ತೇಷಿಯಾ ಡಾಕ್ಟರು ರಾತ್ರಿ ಆಸ್ಪತ್ರೆಯಲ್ಲೇ ಇರುತ್ತಾರಾ, ಮನೆಯಿಂದ ಬರುತ್ತಾರಾ? ರಕ್ತ ಎಲ್ಲಿಂದ, ಎಷ್ಟು ಹೊತ್ತಿಗೆ ಬರುತ್ತದೆ? ಸೂಜಿ ಚುಚ್ಚಿದರೆ ಔಷಧ ಎಲ್ಲಿದೆ? ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ, ಆದ್ದರಿಂದ ಇದು ನಿನ್ನ ಜೀವದ ಪ್ರಶ್ನೆ. ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತಾರಾ ಎಂದೂ ಕೇಳು. ಸಂಬಳ ಕೇಳಲು ಸಂಕೋಚಪಡಬೇಡ. ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವ ಆಸ್ಪತ್ರೆಯಾದರೆ ಬೇರೆಡೆ ನೋಡು. ಹೊಸಬಳನ್ನು ಮೂರನೇ ದಿನವೇ ಒಂಟಿಯಾಗಿ ರಾತ್ರಿ ಪಾಳಿಗೆ ಬಿಡುವ ಲೇಬರ್ ರೂಮಿನಲ್ಲಿ ಎಷ್ಟೇ ಸಂಬಳ ಕೊಟ್ಟರೂ ನೀನು ಸೇರುವುದು ನನಗೆ ಒಪ್ಪಿಗೆಯಿಲ್ಲ.

ಮೂಲ ಅಂಕಪಟ್ಟಿ, ನೋಂದಣಿ ಪತ್ರ ತೋರಿಸಿ ವಾಪಸು ತೆಗೆದುಕೊಂಡು ಬಾ, ಝೆರಾಕ್ಸ್ ಮಾತ್ರ ಕೊಡು. ಬಾಂಡಿಗೆ ಸಹಿ ಕೇಳಿದರೆ ಮನೆಗೆ ತಂದು ಓದಿ ಆಮೇಲೆ ಎನ್ನು, ನನಗೂ ತೋರಿಸು. ಇಂಟರ್‌ವ್ಯೂ ಮುಗಿಸಿ ಬಂದ ದಿನವೇ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡು. ಕೆಲಸ ನಿನಗೆ ಸಿಗಲಿ ಸಿಗದಿರಲಿ, ನಿನ್ನ ಬ್ಯಾಚಿನಲ್ಲಿ ಲೇಬರ್ ರೂಮಿಗೆ ಹೋಗಬೇಕೆಂದಿರುವ ಉಳಿದ ಹುಡುಗಿಯರಿಗೆ ಆ ಹಾಳೆ ಕೊಡು.

ನಿನ್ನ ದೊಡ್ಡಮ್ಮ